ಕನ್ನಡಿ ಇದ್ದ ಜಾಗ

ತ್ಬಿಲಿಸಿಯಲ್ಲಿ ಒಂದು ಸೇತುವೆಗೆ ಒಣಸೇತುವೆ ಎಂದೇ ಹೆಸರು.
ಕೆಳಗೆ ಹೊಳೆಯಿಲ್ಲ, ಕಾರು ಹರಿಯುತ್ತವೆ.
ಮೇಲೆ, ಶನಿವಾರ, ಸತ್ತ ಸಾಮ್ರಾಜ್ಯವೊಂದು
ಹಾಸುಬಟ್ಟೆಗಳ ಮೇಲೆ ಬಿಡಿಬಿಡಿಯಾಗಿ ಬಿದ್ದಿರುತ್ತದೆ:
ಪದಕ, ಫೋರ್ಕು, ಯಾರದೋ ಹಲ್ಲಿನ ಸೆಟ್ಟು,
ಜುಂಬೆರನ ಮುಂದೆ ಲೆನ್ಸು.

ನನ್ನ ಚೀಲದಲ್ಲಿ ಹೊಸ ಕ್ಯಾಮೆರಾ. ಬರೀ ಮೈ.
ಒಳಗೆ ಕನ್ನಡಿಯಿಲ್ಲದ ಜಾತಿ.
ಕಂತು ಇನ್ನೂ ಹದಿನಾಲ್ಕು ಬಾಕಿ.
ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡು
ಮೂರು ವಾರದಿಂದ ಏನನ್ನೂ ನೋಡದೆ ಕೂತಿದೆ.

ಪೆಕಿನಿ ರಸ್ತೆಯ ಅಂಗಡಿಯವನು ಹೇಳಿದ್ದ:
ಇದೊಂದು ತಗೊಳ್ಳಿ, ಇಪ್ಪತ್ನಾಲ್ಕರಿಂದ ಎಪ್ಪತ್ತು,
ಮದುವೆಗೂ ಆಯಿತು, ಬೆಟ್ಟಕ್ಕೂ ಆಯಿತು,
ಎದುರಿನವರ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ.
ಬೆಲೆ ಕೇಳಿದೆ.
ಹಿಡಿದದ್ದು ನನ್ನ ಉಸಿರು.

ಅಂಜೋರನ ಅಹವಾಲು ಇನ್ನೊಂದು.
ಅವನು ಗೋರಿಕಲ್ಲಿನ ಮೇಲೆ ಮುಖ ಕೊರೆಯುವವನು,
ಕರಿಕಲ್ಲಿಗೆ ಬಿಳಿ ಚುಕ್ಕಿ, ದಿನವಿಡೀ ಟಿಕ್ ಟಿಕ್.
ಮನೆಮನೆಯ ಮಾಸಲು ಫೋಟೊಗಳನ್ನು
ನಾನು ಮತ್ತೆ ತೆಗೆದು ದೊಡ್ಡದು ಮಾಡಿಕೊಡಬೇಕು.
"ಹುಬ್ಬಿನ ಕೂದಲು ಎಣಿಸೋ ಹಾಗಿರಲಿ.
ಮಂಜು ಗಿಂಜು ನಿನ್ನ ಗೋಡೆಗೆ ಇಟ್ಟುಕೋ.
ಸತ್ತವರನ್ನು ಮಸುಕು ಮಾಡೋಕೆ ಮಣ್ಣಿದೆಯಲ್ಲ."

ಹಾಗಾಗಿ ಬೇಕಿದ್ದದ್ದು ಹತ್ತಿರ ಹೋಗಿ
ಅಂಚಿನಿಂದ ಅಂಚಿಗೆ ಸುಳ್ಳಾಡದ ಗಾಜು.
ಕೈ ಹೋದದ್ದು ಮಾತ್ರ ಈ ಐವತ್ತೆಂಟರ ಕಡೆಗೆ,
ಉಪ್ಪಿನಕಾಯಿ ಭರಣಿಯ ಹಾಗೆ ಭಾರ,
ಒಳಗಾಜಿನ ಮೂಲೆಗೆ
ಚಳಿಗಾಲದ ಕಿಟಕಿಯಲ್ಲಿ ಹಿಮ ಬಿಡಿಸಿದಂಥ ಜರೀಗಿಡ.

"ಬೂಷ್ಟು," ಅಂದೆ.
"ವಯಸ್ಸು," ಅಂದ ಜುಂಬೆರ್.
"ಗೀರು ಬೇರೆ ಬಿದ್ದಿದೆ."
"ಗೀರಿಗೆ ದುಡ್ಡಿಲ್ಲ, ಗೋಗೋ. ಅದು ಬಿಟ್ಟಿ."
ನೂರಿಪ್ಪತ್ತು ಲಾರಿ ಅಂದ. ಎಂಬತ್ತು ಅಂದೆ.
ಪಕ್ಕದಲ್ಲಿ ಸಮೋವಾರ್ ಮಾರುವ ಹೆಂಗಸು ತೊಂಬತ್ತು ಅಂದಳು,
ಅವಳನ್ನು ಯಾರೂ ಕೇಳಿರಲಿಲ್ಲ.
ತೊಂಬತ್ತಕ್ಕೇ ಮುಗಿಯಿತು.

ಆಮೇಲೆ ಬಳೆ.
ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಒಂದು ಕರಿ ಬಳೆ,
ಗಾಜಿಲ್ಲ, ತಂತಿಯಿಲ್ಲ, ಬೆರಳು ತೂರಿಸಿದರೆ ಆಚೆ ಬರುತ್ತದೆ.
"ಒಳಗೆ ಏನೂ ಇಲ್ಲ, ಇದಕ್ಕೂ ಮೂವತ್ತೇ?"
"ಏನೂ ಇಲ್ಲದ್ದಕ್ಕೇ ಮೂವತ್ತು.
ಹಳೇ ಕ್ಯಾಮೆರಾದಲ್ಲಿ ಇಲ್ಲೊಂದು ಕನ್ನಡಿ ಕುಣಿಯುತ್ತಿತ್ತು.
ಅದಕ್ಕೆ ದಾರಿ ಬಿಟ್ಟು ದೂರ ನಿಂತು
ನೋಡಿ ನೋಡಿ ರೂಢಿ ಈ ಗಾಜಿಗೆ.
ಕನ್ನಡಿಯೇನೋ ಹೋಯಿತು. ದೂರ ಬೇಡವೇ?"

ಇಪ್ಪತ್ತೇಳು ಮಿಲಿಮೀಟರು ಚಿಲ್ಲರೆ
ಖಾಲಿ ಜಾಗವನ್ನು
ದುಡ್ಡು ಎಣಿಸಿ ಕೊಂಡುಕೊಂಡೆ.

ತಿರುಗಿಸಿ ಸಿಕ್ಕಿಸಿದಾಗ ಮೊದಲು ಕಂಡವನು ಜುಂಬೆರನೇ.
ಹಿಂದಿನ ಮರದ ಎಲೆಸಂದಿಯ ಬಿಸಿಲೆಲ್ಲ
ಮೀನಿನ ಪೊರೆಯಾಗಿ ಅವನ ತಲೆಸುತ್ತ ತಿರುಗಿತು.
ಹರಿತವಾದಲ್ಲೆಲ್ಲ ಪರದೆ ಕೆಂಪು ಅಂಚು ಕಟ್ಟುತ್ತದೆ.
ಕಿವಿಯಿಂದ ಮೂಗಿಗೆ, ಮೂಗಿನಿಂದ ರೆಪ್ಪೆಗೆ
ಕೆಂಜಿಗದ ಸಾಲು ನಡೆದುಬಂತು.
ಒತ್ತಿದೆ.

"ಕೊಡಿಲ್ಲಿ," ಅಂದ.
ಮೂವತ್ತು ವರ್ಷ ಲೆನ್ಸು ಮಾರಿದವನು
ಒಂದರೊಳಗಿಂದಲೂ ನೋಡಿರಲಿಲ್ಲವಂತೆ.
ಕ್ಯಾಮೆರಾವನ್ನು ಮೊದಲ ವರ್ಷವೇ ಮಾರಿದ್ದ,
ಕರೆಂಟಿಲ್ಲದ ಆ ಚಳಿಯಲ್ಲಿ, ಸೀಮೆಎಣ್ಣೆಗೆ.
ಸೇತುವೆಯ ಕಂಬಿ ನೋಡಿದ. ಸಮೋವಾರಿನವಳನ್ನು ನೋಡಿದ.
ಅವಳು ತಲೆವಸ್ತ್ರ ಸರಿಮಾಡಿಕೊಂಡಳು.
ಗುಂಡಿ ಒತ್ತಲಿಲ್ಲ. ಹಿಂದಕ್ಕೆ ಕೊಟ್ಟ.

ಮನೆಗೆ ಬಂದ ಮೇಲೆ ಗೊತ್ತಾದದ್ದು,
ಬಳೆ ಕೂದಲೆಳೆಯಷ್ಟು ದಪ್ಪ.
ಕೊನೆಯತನಕ ತಿರುಗಿಸಿದರೂ
ಗುಡ್ಡದ ಮೇಲಿನ ಟಿವಿ ಗೋಪುರ
ಬಿಸಿ ರೊಟ್ಟಿಯ ಮೇಲಿನ ಬೆಣ್ಣೆ.
ನಲವತ್ತು ಹೆಜ್ಜೆಯಾಚೆ ಯಾವುದೂ ಗಟ್ಟಿಯಿಲ್ಲ.

ಮೇಜಿನ ಮೇಲಿದ್ದ ಜುಂಬೆರನ ಪ್ರಿಂಟು ಎತ್ತಿ
ಅಂಜೋರ್ ಬೆಳಕಿಗೆ ಹಿಡಿದ.
"ಹುಬ್ಬು ಚೆನ್ನಾಗಿ ಬಂದಿದೆ. ತಾರೀಖು ಕೊಡು."
"ಬದುಕಿದ್ದಾನೆ," ಅಂದೆ.

ಮುಂದಿನ ಶನಿವಾರ ಹೋಗಿ
ಬಳೆಯನ್ನು ಸ್ವಲ್ಪ ಉಜ್ಜಿಸಿಕೊಂಡು ಬರಬೇಕು
ಎಂದುಕೊಂಡೇ ನಾಲ್ಕು ಶನಿವಾರ ಆಯಿತು.